ಎಡಗೈಯ ಮನೆ

ಒಂದಾನೊಂದು ಮನೆಯಲ್ಲಿ ಇಬ್ಬರು ಅಕ್ಕತಂಗಿಯರಿದ್ದರಂತೆ. ಹಂಚಿಕೊಡುವ ದೇವರಿಗೆ ಅವತ್ತು ಏನು ಅವಸರವಿತ್ತೋ, ಅಕ್ಕನ ಪಾಲಿಗೆ ಬಾಯಿ ಬಂತು, ತಂಗಿಯ ಪಾಲಿಗೆ ಕೈ. ಅಕ್ಕ ಮಾತಿಗೆ ನಿಂತರೆ ಬತ್ತಿದ ಬಾವಿಯಲ್ಲೂ ನೀರು ಕಾಣುತ್ತಿತ್ತು, ಕೊಡ ಇಳಿಸಿದರೆ ಮಾತ್ರ ಖಾಲಿ. ತಂಗಿ ಮುಟ್ಟಿದ ಚಿಂದಿ ಕಾಗದ ಹಕ್ಕಿಯಾಗುತ್ತಿತ್ತು, ಆದರೆ ಇದು ಹಕ್ಕಿ, ನಾನೇ ಮಾಡಿದ್ದು ಎನ್ನಲು ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ.

ಅಜ್ಜಿ ಈ ಕತೆಯನ್ನು ನಮ್ಮಿಬ್ಬರನ್ನೂ ಎಡಕ್ಕೊಬ್ಬಳನ್ನು ಬಲಕ್ಕೊಬ್ಬಳನ್ನು ಕೂರಿಸಿಕೊಂಡು ಹೇಳುತ್ತಿದ್ದಳು. “ಬಾಯಿಯವಳು ರಾಣಿ ಆದ್ಳಾ ಅಜ್ಜಿ?” ಎಂದು ಅಕ್ಕ ಕೇಳುತ್ತಿದ್ದಳು. ಪ್ರತಿ ಸಲವೂ ಆಗುತ್ತಿದ್ದಳು. ಕೈಯವಳು ಏನಾದಳು ಎಂದು ನಾನು ಕೇಳುವ ಹೊತ್ತಿಗೆ ಅಜ್ಜಿಗೆ ತೂಕಡಿಕೆ. ಅರ್ಧಕ್ಕೆ ಬಿಡಬೇಡ ಎಂದು ಅಲುಗಾಡಿಸಿದರೆ, “ಹೌದಮ್ಮ, ಬಿಡಬಾರದು. ಕತೆ ಅರ್ಧಕ್ಕೆ ಬಿಟ್ರೆ ಒಳಗಿರೋರು ನಿಂತಲ್ಲೇ ನಿಂತುಬಿಡ್ತಾರೆ, ಪಾಪ” ಎಂದು ತಾನೇ ಒಪ್ಪಿಕೊಂಡು ಗೊರಕೆ ಹೊಡೆಯುತ್ತಿದ್ದಳು.

ಅಜ್ಜಿ ತೀರಿಹೋದ ಮೇಲೆ ನಾನು ಅಕ್ಕನ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ರಟ್ಟು ಕತ್ತರಿಸುವ ಕೆಲಸ, ಮಧ್ಯಾಹ್ನದ ಮೇಲೆ ಅಕ್ಕನ ಕೆಲಸ. ಅಕ್ಕ ವಾರಪತ್ರಿಕೆಯೊಂದಕ್ಕೆ ‘ಮನೆಮಂದಿಯ ಮೇಜು’ ಎಂಬ ಪುಟ ಬರೆಯುತ್ತಿದ್ದಳು. ಮಕ್ಕಳ ಜೊತೆ ಕೂತು ಕಾಗದದಲ್ಲಿ ಏನು ಮಾಡಬಹುದು, ನೀರುಬಣ್ಣದಲ್ಲಿ ಏನು ಬಿಡಿಸಬಹುದು ಎಂದು ಹೇಳಿಕೊಡುವ ಪುಟ. ಪ್ರತಿ ವಾರವೂ ಅದರ ಕೊನೆಯ ಸಾಲು ಒಂದೇ: ‘ಇದನ್ನು ನಾನು ನನ್ನ ಮಗಳ ಜೊತೆ ಅರ್ಧ ಗಂಟೆಯಲ್ಲಿ ಮಾಡಿದೆ.’

ಆ ಮಗಳಿಗೆ ಆಗ ಐದು ವರ್ಷ. ಬೆರಳುದ್ದದ ಮೈ, ಅದರ ಮೇಲೆ ಗುಂಗುರು ಕೂದಲಿನ ದುಂಡು ತಲೆ, ಬಾಯಿ ತೆರೆದರೆ ಚುಚ್ಚು. ನಮ್ಮ ಭಾವ ಅವಳಿಗೆ ಗುಂಡುಸೂಜಿ ಎಂದು ಹೆಸರಿಟ್ಟಿದ್ದ. ಕರೆಯುವಾಗ ಬರೀ ಸೂಜಿ. ಭಾವನದು ಕನ್ನಡಕದ ಅಂಗಡಿ. “ಊರಿಗೆಲ್ಲ ಕಣ್ಣು ಕೊಡ್ತೀನಿ, ನಮ್ಮನೇಲಿ ಏನ್ ನಡೀತಿದೆ ಅಂತ ಮಾತ್ರ ನಂಗೆ ಕಾಣ್ಸಲ್ಲ” ಎಂದು ನಗುತ್ತಿದ್ದ. ಕಾಣುತ್ತಿತ್ತು. ಊಟದ ಮೇಜಿನ ಮುಕ್ಕಾಲು ಭಾಗ ಕತ್ತರಿ, ಅಂಟು, ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಬಣ್ಣದ ಟ್ಯೂಬುಗಳು. ಉಳಿದ ಕಾಲು ಭಾಗದಲ್ಲಿ ಅವನ ತಟ್ಟೆ.

ಮೊದಮೊದಲು ಸೂಜಿಯನ್ನು ನಿಜವಾಗಿಯೂ ಕೂರಿಸಿಕೊಳ್ಳುತ್ತಿದ್ದೆವು. ಕುಂಚ ತೊಳೆಯಲು ಒಂದು ಲೋಟ, ಶುದ್ಧ ನೀರಿಗೆ ಇನ್ನೊಂದು ಲೋಟ ಎಂದು ನಾನು ಹೇಳಿಕೊಟ್ಟರೆ ಅವಳು ಎರಡನ್ನೂ ಬಿಟ್ಟು ಅಪ್ಪನ ಟೀ ಲೋಟಕ್ಕೆ ಅದ್ದುತ್ತಿದ್ದಳು. ತೊಳೆಯದ ಕುಂಚದಲ್ಲೇ ನೀಲಿ, ಅದರ ಮೇಲೆ ಕೆಂಪು, ಅದರ ಮೇಲೆ ಹಸಿರು. ಹತ್ತು ನಿಮಿಷಕ್ಕೆ ಹಾಳೆಯೆಲ್ಲ ಕೆಸರು. ನೀರುಬಣ್ಣದಲ್ಲಿ ಬಿಳಿ ಎಂಬುದು ಹಚ್ಚುವ ಬಣ್ಣವಲ್ಲ, ಹಚ್ಚದೆ ಬಿಟ್ಟ ಕಾಗದವೇ ಬಿಳಿ. ಅವಳಿಗೆ ಬಿಡುವುದು ಎಂದರೆ ಗೊತ್ತೇ ಇರಲಿಲ್ಲ.

“ಇದೇನೇ ಇದು?” ಎಂದಳು ಅಕ್ಕ.

“ಹಕ್ಕಿ.”

“ಎಲ್ಲಿದೆ ಹಕ್ಕಿ?”

“ಕೆಸರೊಳಗೆ ಹೋಗಿದೆ. ಬರತ್ತೆ ಇರು.”

ಭಾವ ಟೀ ಚೆಲ್ಲುವಷ್ಟು ನಕ್ಕ. ಅಕ್ಕ ನಗಲಿಲ್ಲ. ಪತ್ರಿಕೆಗೆ ಚಿತ್ರ ಮರುದಿನವೇ ಹೋಗಬೇಕಿತ್ತು. “ಫೋಟೋಗೆ ಬರಲ್ಲ ಇದು” ಎಂದು ಹಾಳೆ ಮಡಚಿಟ್ಟು ನನ್ನ ಕಡೆ ತಿರುಗಿದಳು. ನಾನೊಂದು ಹಕ್ಕಿ ಬಿಡಿಸಿದೆ. “ಇದು ತುಂಬಾ ಚೆನ್ನಾಗಾಯ್ತು. ಮಗು ಮಾಡಿದ್ದು ಅಂದ್ರೆ ನಾಯೀನೂ ನಂಬಲ್ಲ.” ಇನ್ನೊಂದು ಬಿಡಿಸಿದೆ. ಅದೂ ಚೆನ್ನಾಗಿಬಿಟ್ಟಿತು. ಆಗ ಅಕ್ಕ ಹಗುರಾಗಿ ಅಂದಳು: “ಎಡಗೈಯಲ್ಲಿ ಹಚ್ಚು ನೋಡೋಣ.”

ಎಡಗೈಯಲ್ಲಿ ಹಚ್ಚಿದೆ. ರೆಕ್ಕೆ ಒಂದು ಉದ್ದ, ಒಂದು ಗಿಡ್ಡ. ಕಣ್ಣು ಕೊಕ್ಕಿನ ಹತ್ತಿರ ಜಾರಿತ್ತು. ಎಷ್ಟು ಮುದ್ದಾಗಿತ್ತೆಂದರೆ ನನಗೇ ನಗು ಬಂತು. ಸುಳ್ಳೇಕೆ, ಖುಷಿಯೂ ಆಯಿತು. ಆ ವಾರ ಹಕ್ಕಿಯ ಕೆಳಗೆ ಸೂಜಿಯ ಹೆಸರು ಅಚ್ಚಾಯಿತು. “ನಾನ್ ಯಾವಾಗ ಮಾಡ್ದೆ?” ಎಂದು ಅವಳು ಪುಟ ಹಿಡಿದುಕೊಂಡು ಬಂದಳು. “ನಿದ್ದೆಗಣ್ಣಲ್ಲಿ” ಎಂದಳು ಅಕ್ಕ. ಅವಳು ಇಡೀ ಸಂಜೆ ತನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಅಲ್ಲಿಂದ ಮುಂದೆ ಅವಳು ಶಾಲೆಯಲ್ಲಿದ್ದಾಗಲೇ ಕೆಲಸ ಮುಗಿಯುತ್ತಿತ್ತು. ಅಕ್ಕ ಬರೆಯುತ್ತಿದ್ದಳು, ನನ್ನ ಎಡಗೈ ಐದು ವರ್ಷದ್ದಾಗಿಯೇ ಉಳಿದಿತ್ತು. ಓದುಗರ ಕಾಗದಗಳು ಬಂದವು. ನಿಮ್ಮ ಮಗಳ ಕೈ ಎಷ್ಟು ಸಹಜ, ನಮ್ಮವನು ಎಲ್ಲ ಕೆಸರು ಮಾಡುತ್ತಾನೆ ಎಂದು ಒಬ್ಬ ತಾಯಿ ಬರೆದಿದ್ದಳು. ಅಕ್ಕ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು.

ಒಂದು ಮಧ್ಯಾಹ್ನ ನಾನು ಸ್ಟೂಲಿನ ಮೇಲೆ ಕೂತು ಬೆರಳ ಅಂಟು ಕೀಳುತ್ತಿದ್ದೆ. ಸೂಜಿ ಬಂದು ಮೊಣಕಾಲಿಗೆ ಒರಗಿದಳು. ಚಿಕ್ಕಮ್ಮ ಎನ್ನುವುದು ಅವಳ ಬಾಯಲ್ಲಿ ಚಿಕ್ಕಿ.

“ಚಿಕ್ಕಿ, ನಂಗೊಂದು ಮನೆ ಮಾಡ್ಕೊಡು. ಕಿಟಕಿ ತೆಗೆಯಕ್ಕೆ ಬರಬೇಕು.”

“ಅದಕ್ಕೇನಂತೆ.”

“ಫೋಟೋಗಲ್ಲ.”

“ಫೋಟೋಗಲ್ಲ ಪುಟ್ಟ.”

“ನೀನು ಕತ್ತರಿಸು. ಬಣ್ಣ ನಾನೇ ಹಚ್ತೀನಿ. ಒಳಗಡೆ ಗೋಡೆಗೂ. ನೀನು ಮುಟ್ಟಬಾರ್ದು.”

ಮುಟ್ಟುವುದಿಲ್ಲ ಎಂದು ಅವಳ ಅಂಗೈ ಮೇಲೆ ಅಂಗೈ ಇಟ್ಟು ಮಾತು ಕೊಟ್ಟೆ. ಅವತ್ತೇ ದಪ್ಪ ಹಾಳೆಯೊಂದನ್ನು ನೆನೆಸಿ, ಹಲಗೆಗೆ ಅಂಟುಪಟ್ಟಿಯಿಂದ ಬಿಗಿದು ಒಣಗಿಸಿದೆ. ಹಾಗೆ ಬಿಗಿಯದಿದ್ದರೆ ಬಣ್ಣದ ನೀರು ಬಿದ್ದ ಕೂಡಲೇ ಹಾಳೆ ಹಪ್ಪಳದಂತೆ ಏಳುತ್ತದೆ. ನಾಲ್ಕು ಗೋಡೆ, ಚಾವಣಿ, ಅಂಟು ಬಳಿಯುವ ಕಿವಿಗಳು, ಎಲ್ಲ ಗುರುತು ಮಾಡಿ, ಮಡಿಕೆಗಳ ಮೇಲೆ ಶಾಯಿ ಮುಗಿದ ಪೆನ್ನಿನಿಂದ ಗೀರಿದೆ. ಮೂಲೆಯಲ್ಲಿ ಅವಳೇ ಒಂದು ಅಡ್ಡಾದಿಡ್ಡಿ ಸೂಜಿಯ ಚಿತ್ರ ಬರೆದಳು, ಇದು ತನ್ನದೆಂದು. ಹಾಳೆಯನ್ನು ಬೀರುವಿನ ಮೇಲಿಟ್ಟೆ. ಈ ಭಾನುವಾರ ಎಂದೆ. ಆ ಭಾನುವಾರ ಅಕ್ಕನಿಗೆ ಕಾಗದದ ಹೂಗಳು ಬೇಕಾದವು. ಮುಂದಿನ ಭಾನುವಾರ ಎಂದೆ. ಆಗ ಗಾಳಿಪಟ. ಒಂದು ವರ್ಷ ಅವಳು ಕೇಳಿದಳು. ಎರಡನೆಯ ವರ್ಷ ಬೀರುವಿನ ಕಡೆ ನೋಡುತ್ತಿದ್ದಳು, ಕೇಳುತ್ತಿರಲಿಲ್ಲ.

ಅವಳಿಗೆ ಏಳು ತುಂಬಿದಾಗ ಆ ಪುಟಗಳೆಲ್ಲ ಸೇರಿ ಪುಸ್ತಕವಾಗುವುದೆಂದು ಗೊತ್ತಾಯಿತು. ಮುಖಪುಟಕ್ಕೆ ಒಂದು ಮನೆ ಬೇಕೆಂದಳು ಅಕ್ಕ. ಅದೂ ಮೂರು ದಿನದಲ್ಲಿ. ಹೊಸ ಹಾಳೆ ಬಿಗಿದು ಗುರುತು ಹಾಕಿ ಒಣಗಿಸುವಷ್ಟು ಸಮಯವಿಲ್ಲ ಎಂದೆ. ಅಕ್ಕ ಕುರ್ಚಿ ಹಾಕಿಕೊಂಡು ಹತ್ತಿ ಬೀರುವಿನ ಮೇಲಿಂದ ಅದನ್ನು ಇಳಿಸಿದಳು, ಧೂಳು ಊದಿದಳು.

“ಇದು ಸೂಜೀದು ಅಕ್ಕ.”

“ಪುಸ್ತಕಾನೂ ಅವಳದೇ ಅಲ್ವೇನೇ? ಅವಳ ಹೆಸರಲ್ಲೇ ತಾನೇ ಬರೋದು? ಅವಳಿಗೆ ಆಮೇಲೆ ಇದಕ್ಕಿಂತ ದೊಡ್ಡದು ಮಾಡ್ಕೊಡು. ಮಕ್ಕಳಿಗೇನು, ನಾಳೆಗೆ ಮರೀತಾವೆ.”

ನಾನು ಇನ್ನೂ ಏನೋ ಹೇಳಬೇಕಿತ್ತು. ಬಾಯಿ ನನ್ನ ಪಾಲಿಗೆ ಬಂದಿರಲಿಲ್ಲ ಎಂದು ಅಜ್ಜಿಯ ಕತೆಯ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದು. ಆದರೆ ನಿಜ ಏನೆಂದರೆ ಆ ಹಾಳೆ ಅಷ್ಟು ಚೆನ್ನಾಗಿ ಬಿಗಿದಿತ್ತು, ಗೀರು ಹಾಕಿದ ಕಡೆ ಅಷ್ಟು ನೇರವಾಗಿ ಮಡಚಿಕೊಂಡಿತು, ನನಗೆ ಕೈ ತಡೆಯಲಾಗಲಿಲ್ಲ. ಮಡಚಿದೆ, ಎಡಗೈಯಲ್ಲಿ ಬಣ್ಣ ಹಚ್ಚಿದೆ, ಕಿಟಕಿಗೆ ಬಿಳಿ ಬಿಟ್ಟೆ. ಮೂಲೆಯ ಸೂಜಿಯ ಚಿತ್ರ ಅಂಟಿನ ಕಿವಿಯ ಮೇಲಿತ್ತು. ಅದರ ಮೇಲೆ ಅಂಟು ಬಳಿದು ಒಳಕ್ಕೆ ಒತ್ತಿದೆ.

ಅವಳು ಶಾಲೆಯಿಂದ ಬಂದಾಗ ಮನೆ ಮೇಜಿನ ಮೇಲಿತ್ತು. ಚೀಲ ಇಳಿಸದೆ ನಿಂತು ನೋಡಿದಳು. ಒಂದು ಬೆರಳಿನಿಂದ ಕಿಟಕಿ ತೆಗೆದು ಒಳಗೆ ಇಣುಕಿದಳು, ಮುಚ್ಚಿದಳು. ಅಳಲಿಲ್ಲ, ಚುಚ್ಚಲೂ ಇಲ್ಲ. “ಕೈ ತೊಳ್ಕೊಂಡು ಬರ್ತೀನಿ” ಎಂದು ಒಳಗೆ ಹೋದಳು. ಅವಳು ಯಾರೂ ಹೇಳದೆ ಕೈ ತೊಳೆದದ್ದು ಅದೇ ಮೊದಲು.

ಮರುದಿನ ಸಂಪಾದಕಿ ಬಂದರು, ಜೊತೆಗೆ ಫೋಟೋ ತೆಗೆಯುವವನು. ಸಂಪಾದಕಿ ಒಳ್ಳೆಯ ಹೆಂಗಸು. ಸೂಜಿಯ ಎತ್ತರಕ್ಕೆ ಬಗ್ಗಿ ಕೇಳಿದರು: “ಇಷ್ಟು ಚಂದದ ಮನೆ ನೀನೇ ಮಾಡಿದ್ದಾ ಕಂದ?”

ಹೇಳಿಬಿಡಲಿ ಎಂದೂ ನನಗನ್ನಿಸಿತು, ಹೇಳದಿರಲಿ ಎಂದೂ.

“ಹೌದು” ಎಂದಳು ಸೂಜಿ. ಪಾಠ ಒಪ್ಪಿಸುವ ದನಿ. “ಅಮ್ಮನ ಜೊತೆ ಅರ್ಧ ಗಂಟೆಯಲ್ಲಿ ಮಾಡಿದೆ.”

“ಅಯ್ಯೋ ಬಂಗಾರ! ಎಲ್ಲಿ, ಕುಂಚ ಹಿಡಿದು ಚಾವಣಿ ಹತ್ರ ಇಡು. ಬಣ್ಣ ಹಚ್ಚೋ ಹಾಗೆ.”

ಸೂಜಿ ಕುಂಚವನ್ನು ಎತ್ತಿಕೊಂಡಳು. ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಅದನ್ನು ಎಡಗೈಗೆ ದಾಟಿಸಿದಳು.

ಊಟ, ಬರಹ, ಹಲ್ಲುಜ್ಜುವುದು, ಎಲ್ಲ ಬಲಗೈಯಲ್ಲಿ ಮಾಡುವ ಹುಡುಗಿ. ಯಾವ ಪರದೆಯ ಸಂದಿನಿಂದ, ಯಾವ ಮಧ್ಯಾಹ್ನ ನನ್ನನ್ನು ನೋಡಿದ್ದಳೋ. ಕುಂಚವನ್ನು ಥೇಟ್ ನಾನು ಹಿಡಿಯುವಂತೆ, ಕಿರುಬೆರಳು ಎತ್ತಿಕೊಂಡು ಹಿಡಿದಿದ್ದಳು.

“ಸೂಜಿ, ಯಾವಾಗಿಂದ ಎಡಚಿ ಆದ್ಯೇ?” ಭಾವ ನಗುತ್ತಲೇ ಕೇಳಿದ. ನಗು ಅರ್ಧಕ್ಕೆ ನಿಂತಿತು.

“ಓ, ಎಡಚಿನಾ!” ಸಂಪಾದಕಿಗೆ ಸಂಭ್ರಮ.

“ಹುಟ್ಟಿದಾಗಿಂದ” ಎಂದಳು ಅಕ್ಕ. ಉಸಿರು ತೆಗೆದುಕೊಳ್ಳುವಷ್ಟೂ ತಡಮಾಡಲಿಲ್ಲ. “ಎಷ್ಟು ಬದಲಾಯಿಸೋಕೆ ನೋಡಿದ್ವಿ, ಆಗ್ಲಿಲ್ಲ. ಅವಳ ಪಾಡಿಗೆ ಬಿಟ್ಬಿಟ್ವಿ. ಮಕ್ಕಳನ್ನ ಬಿಡಬೇಕು ನೋಡಿ.”

ಭಾವ ತನ್ನ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಬಹಳ ಹೊತ್ತು ಒರೆಸಿದ.

ಪುಸ್ತಕ ಬಂತು. ಮುಖಪುಟದಲ್ಲಿ ಮನೆ, ಮನೆಯ ಪಕ್ಕ ಎಡಗೈಯಲ್ಲಿ ಕುಂಚ ಹಿಡಿದ ಹುಡುಗಿ. ಮುನ್ನುಡಿಯಲ್ಲಿ ಎಡಚ ಮಕ್ಕಳ ಬಗ್ಗೆ ಅಕ್ಕನ ಎರಡು ಪುಟ. ನನ್ನ ಹೆಸರು ‘ನೆರವಿಗೆ ನಿಂತ ತಂಗಿಗೆ’ ಎಂಬಲ್ಲಿ, ಹೆಸರಿಲ್ಲದೆ. ಆ ಮನೆಯನ್ನು ಪ್ರಕಾಶಕರ ಕಚೇರಿಯ ಗಾಜಿನ ಕಪಾಟಿನಲ್ಲಿ ಇಟ್ಟರಂತೆ.

ಸೂಜಿ ಮತ್ತೆ ಬಣ್ಣ ಮುಟ್ಟಲಿಲ್ಲ. ಶಾಲೆಯಿಂದ ಒಮ್ಮೆ ಚೀಟಿ ಬಂತು. ಚಿತ್ರದ ತರಗತಿಯಲ್ಲಿ ಇಡೀ ವರ್ಷ ಖಾಲಿ ಹಾಳೆ ಕೊಟ್ಟಿದ್ದಾಳೆ, ಯಾಕೆಂದರೆ ‘ನಮ್ಮನೇಲಿ ಅದನ್ನ ಬೇರೆಯವರು ಮಾಡ್ತಾರೆ’ ಎನ್ನುತ್ತಾಳೆ, ದಯವಿಟ್ಟು ಬಂದು ಭೇಟಿಯಾಗಿ ಎಂದು. ಅಕ್ಕ ಓದಿ, “ಚೂಟಿ ಆಗಿದ್ದಾಳೆ, ಬಾಯಿ ನಂದೇ” ಎಂದಳು. ಭೇಟಿಯಾಗಲು ಹೋದವನು ಭಾವ. ಬಂದು ತಟ್ಟೆ ತೆಗೆದುಕೊಂಡು ಅಡುಗೆಮನೆಯಲ್ಲಿ ಕೂತು ಉಂಡ. ಅವತ್ತಿಂದ ಅವನ ತಟ್ಟೆ ಮೇಜಿಗೆ ಬಂದಿಲ್ಲ.

ನಾನು ಅಕ್ಕನಿಗೆ ಮಾಡಿಕೊಡುವುದನ್ನು ನಿಲ್ಲಿಸಿದೆ. ಅದಕ್ಕೆ ಆಗ ಧೈರ್ಯವೂ ಬೇಕಾಗಲಿಲ್ಲ. ಮಗಳು ದೊಡ್ಡವಳಾದಳು ಎಂದು ಪುಟವೇ ನಿಂತುಹೋಗಿತ್ತು. ಹಾಳೆ ಬಿಗಿದು ಗುರುತು ಹಾಕಿ ಸೂಜಿಯ ಮುಂದೆ ಹಿಡಿದೆ. ಬೇಡ ಎಂದಳು. ತಿಂಗಳು ಬಿಟ್ಟು ಕೇಳಿದೆ. ಬೇಡ. ಹೀಗೆ ಎರಡು ವರ್ಷ. ಕೇಳುವವರು ಬದಲಾಗಿದ್ದೆವು, ಅಷ್ಟೇ.

ಮೊನ್ನೆ ರಜೆಯ ಮಧ್ಯಾಹ್ನ ಅವಳೇ ಹಾಳೆಯನ್ನು ಮೇಜಿಗೆ ತಂದು ಹಾಕಿದಳು. ಒಂಬತ್ತು ವರ್ಷದ ಮುಖದಲ್ಲಿ ದೊಡ್ಡವರ ಬೇಸರ.

“ಬಾ ಚಿಕ್ಕಿ. ಮುಗಿಸಿಬಿಡೋಣ. ಆಮೇಲೆ ನೀನು ಕೇಳ್ಬಾರ್ದು.”

“ಕೇಳಲ್ಲ.”

“ಕತ್ತರೀನ ಎಡಗೈಯಲ್ಲಿ ಹಿಡ್ಕೋ.”

“ಈ ಕತ್ತರಿ ಬಲಗೈಯವರದು, ಸರಿಯಾಗಿ ಕತ್ತರಿಸಲ್ಲ ಕಣೇ.”

“ಗೊತ್ತು.”

ಎಡಗೈಯಲ್ಲಿ ಹಿಡಿದೆ. ಕುಂಚ ನಡೆಸಿದ ಎಡಗೈಗೆ ಕತ್ತರಿ ಹೊಸದು. ಅಲಗುಗಳು ಕಾಗದವನ್ನು ಕತ್ತರಿಸದೆ ಜಗಿದವು. ಗೆರೆ ತಪ್ಪಿತು, ಬಾಗಿಲು ಹಲ್ಲುಹಲ್ಲಾಯಿತು, ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದಿತು. ಅವಳು ನೋಡುತ್ತ ಕೂತಿದ್ದಳು, ನಿಲ್ಲಿಸು ಎನ್ನಲಿಲ್ಲ. ಆಮೇಲೆ ಬಲಗೈಯಲ್ಲಿ ಕುಂಚ ತೆಗೆದುಕೊಂಡಳು. ನಾಲ್ಕು ವರ್ಷ ಹಿಂದೆ ಬಿಟ್ಟ ಕೈ, ಬಿಟ್ಟಲ್ಲೇ ಇತ್ತು. ನೀಲಿ, ತೊಳೆಯದೆ ಕೆಂಪು, ತೊಳೆಯದೆ ಹಸಿರು. ಕಿಟಕಿಗೆ ಬಿಳಿ ಬಿಡು ಎಂಬ ಮಾತು ನನ್ನ ಹಲ್ಲಿನ ತನಕ ಬಂತು. ನುಂಗಿದೆ. ಕಿಟಕಿಗಳೂ ಕೆಸರಾದವು. ಒಳಗಿನ ಗೋಡೆ, ನೆಲ, ಅಂಟಿನ ಕಿವಿಗಳು, ಯಾವುದನ್ನೂ ಬಿಡಲಿಲ್ಲ.

ಒಣಗಿದ ಮೇಲೆ ಮಡಚಿದೆವು. ಕೊನೆಯ ಕಿವಿಗೆ ಅವಳೇ ಅಂಟು ಬಳಿದಳು. ಕ್ಲಿಪ್ಪಿಗೆ ಕೈ ಚಾಚಿದರೆ ತಲೆಯಾಡಿಸಿದಳು.

“ನೀನೇ ಹಿಡ್ಕೋ. ನೂರು ಎಣಿಸೋ ತನಕ.”

ಹಿಡಿದುಕೊಂಡೆ. ಅವಳು ಎಣಿಸತೊಡಗಿದಳು. ನಲವತ್ತರ ಹತ್ತಿರ ಅಕ್ಕ ಬಾಗಿಲಲ್ಲಿ ಕಾಣಿಸಿಕೊಂಡಳು. “ಓಹೋ, ಅಮ್ಮನ್ನ ಬಿಟ್ಟು ಏನ್ ನಡೀತಿದೆ?” ಎಂದು ಫೋನು ಎತ್ತಿ ಹತ್ತಿರ ಬಂದಳು. ನೋಡಿದಳು. ಫೋನು ಇಳಿಯಿತು. “ಇದೇನೇ, ಇಷ್ಟು ಸೊಟ್ಟ? ಫೋಟೋಗೆ ಬರಲ್ಲ ಇದು.”

“ಬರಲ್ಲ ಅಲ್ವಾ?” ಸೂಜಿ ತಲೆಯೆತ್ತದೆ ಕೇಳಿದಳು.

“ಖಂಡಿತ ಬರಲ್ಲ.”

ಅಕ್ಕ ಹೋದಳು. ಸೂಜಿ ಎಲ್ಲಿಗೆ ನಿಲ್ಲಿಸಿದ್ದಳೋ ಅಲ್ಲಿಂದಲೇ ಮುಂದುವರಿಸಿದಳು, ನಲವತ್ತಮೂರು, ನಲವತ್ನಾಲ್ಕು. ಬೊಬ್ಬೆ ಒಡೆದು ಅಂಟು ಉರಿಯುತ್ತಿತ್ತು. ನಾನು ಅಲುಗಾಡಲಿಲ್ಲ. ನಡುವೆ ಎಲ್ಲಾದರೂ ಅವಳು ನಕ್ಕಾಳು ಎಂದು ನೋಡುತ್ತಿದ್ದೆ. ನಗಲಿಲ್ಲ. ತೊಂಬತ್ತು ದಾಟಿದ ಮೇಲೆ ಇನ್ನೂ ನಿಧಾನ ಮಾಡಿದಳು.

“ನೂರು. ಬಿಡು” ಎಂದಳು.

ಬಿಟ್ಟೆ. ಮನೆ ನಿಂತಿತ್ತು.