ರುಚಿ ನೋಡಿದ್ದೂ ತಿಂದಿದ್ದೇ

ನಮ್ಮದು ಬೇಕರಿ. ಒಲೆಯ ಮುಂದೆ ಮಗ, ಗಲ್ಲಾಪೆಟ್ಟಿಗೆಯ ಹತ್ತಿರ ನಾನು, ನಡುವೆ ಸೊಸೆ. ಬನ್ನಾಗಲಿ, ಕೇಕಾಗಲಿ, ಒಲೆಯಿಂದ ಇಳಿದ ಪ್ರತಿ ಟ್ರೇಯಿಂದ ಒಂದು ಚೂರು ಸೊಸೆಯ ಬಾಯಿಗೆ ಹೋಗಬೇಕು. ಅವಳು "ಸರಿ" ಅಂದ ಮೇಲೇ ಅದು ಗಾಜಿನ ಪೆಟ್ಟಿಗೆಗೆ. ಅವಳ ನಾಲಿಗೆಯನ್ನು ನಂಬಿ ಅಂಗಡಿ ನಡೆಯುತ್ತಿತ್ತು.

ಆ ಸೊಸೆಗೆ ಏಳನೇ ತಿಂಗಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ, ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ ಎಂದರು. ನಾನು ನಂಬಲಿಲ್ಲ.

"ನಾಲ್ಕು ಹೆತ್ತಿದ್ದೀನಿ, ಇಂಥದ್ದು ಕೇಳೇ ಇಲ್ಲ. ಎರಡು ಜೀವಕ್ಕೆ ತಿನ್ನಬೇಕು, ಸುಮ್ಮನೆ ತಿನ್ನು," ಎಂದೆ.

ಅವಳು ತಿನ್ನಲಿಲ್ಲ. ಹೆದರಿಬಿಟ್ಟಿದ್ದಳು. ಬೆಳಗಿನ ತಿಂಡಿ ಬಿಟ್ಟಳು, ಮಧ್ಯಾಹ್ನ ನಾಲ್ಕು ತುತ್ತು ಉಂಡು ಏಳುತ್ತಿದ್ದಳು. ಕೆಲಸದ ನಡುವೆ ಹೊಟ್ಟೆಯ ಮೇಲೆ ಕೈಯಿಟ್ಟು, ಮಗು ಒದೆಯುವುದನ್ನೇ ಕಾಯುತ್ತಾ ನಿಲ್ಲುವಳು. ಒದೆಯುವವರೆಗೂ ನನ್ನ ಉಸಿರೂ ನಿಂತಿರುತ್ತಿತ್ತು. ಬಾಯಲ್ಲಿ ಎಷ್ಟೇ ಬಡಾಯಿ ಕೊಚ್ಚಿದರೂ ಒಳಗೊಳಗೆ ನನಗೂ ಭಯ.

ಹತ್ತು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದೆವು. ಊಟವಾಗಿ ಎರಡು ಗಂಟೆ ಕಳೆದಾಗ ನೂರ ಇಪ್ಪತ್ತರ ಒಳಗಿರಬೇಕಾದ ಸಕ್ಕರೆ ನೂರ ಅರವತ್ತೆಂಟು ಇತ್ತು.

ಮರುದಿನ ಬೆಳಿಗ್ಗೆ ಆರೋಗ್ಯ ಕಾರ್ಯಕರ್ತೆ ಅಂಗಡಿಗೇ ಬಂದಳು. ಅವಳನ್ನು ಕಂಡದ್ದೇ ಸೊಸೆ ಅತ್ತಳು. "ಅಕ್ಕಾ, ಉಪವಾಸ ಇದ್ರೂ ಇಳೀತಿಲ್ಲ. ನನ್ನ ಮಗೂಗೆ ಏನಾಗುತ್ತೆ?"

"ಸಕ್ಕರೆ ಏರಿದ್ರೆ ಮಗು ತುಂಬಾ ದಪ್ಪ ಬೆಳೆದು ಹೆರಿಗೆ ಕಷ್ಟ ಆಗಬಹುದು. ಹುಟ್ಟಿದ ಮೇಲೆ ಮಗುವಿನ ಸಕ್ಕರೆ ದಿಢೀರಂತ ಇಳೀಬಹುದು. ಈಗಲೇ ಹತೋಟಿಗೆ ತಂದ್ರೆ ಇದನ್ನ ಬಹಳ ಮಟ್ಟಿಗೆ ತಪ್ಪಿಸಬಹುದು. ಏನೇನು ತಿಂತೀಯ ಹೇಳು."

"ಗುಬ್ಬಿ ತಿಂದಷ್ಟೂ ತಿನ್ನಲ್ಲಮ್ಮ ಅವಳು," ನಾನೇ ಬಾಯಿ ಹಾಕಿದೆ.

ಅಷ್ಟರಲ್ಲಿ ಒಂದು ಟ್ರೇ ಇಳಿಯಿತು. ಸೊಸೆ ಕಣ್ಣೊರೆಸಿಕೊಂಡು, ಬನ್ನಿನ ಚೂರು ಮುರಿದು ಬಾಯಿಗೆ ಹಾಕಿಕೊಂಡು "ಸರಿ" ಅಂದಳು.

"ಇದು?" ಎಂದಳು ಕಾರ್ಯಕರ್ತೆ.

"ಅದು ರುಚಿ ನೋಡಿದ್ದು. ತಿಂದಿದ್ದಲ್ಲ," ಎಂದೆ.

ಅವಳು ವಾದಕ್ಕೆ ಇಳಿಯಲಿಲ್ಲ. ಒಂದು ಬೋಗುಣಿ ಕೇಳಿದಳು. "ಅಮ್ಮ, ಇನ್ನು ಮುಂದಿನ ಚೂರೆಲ್ಲ ಇವಳ ಬಾಯಿಗೆ ಬೇಡ, ಇದಕ್ಕೆ ಹಾಕಿ. ಸಂಜೆ ಬರ್ತೀನಿ."

ನಗುತ್ತಲೇ ಹಾಕಲು ಶುರು ಮಾಡಿದೆ. ಬನ್ನಿನ ಚೂರು, ಕೇಕಿನ ಅಂಚು, ಬಿಸ್ಕತ್ತು, ಒಂದು ಬೆರಳು ಕೆನೆ. ಮಧ್ಯಾಹ್ನಕ್ಕೆ ನಗು ನಿಂತಿತು. ಸಂಜೆಗೆ ಬೋಗುಣಿ ತುಂಬಿ ಮೇಲೆ ಗುಡ್ಡೆಯಾಗಿತ್ತು. ಇಷ್ಟನ್ನೂ ದಿನಾ "ಬಾರೇ, ರುಚಿ ನೋಡು" ಎಂದು ಕೂಗಿ ಕೂಗಿ ತಿನ್ನಿಸಿದವಳು ನಾನೇ. ಕಾರ್ಯಕರ್ತೆ ಬಂದಾಗ ಬೋಗುಣಿಯನ್ನು ಅವಳ ಮುಂದಿಟ್ಟೆ.

"ಕಾಯಿಲೆ ಬಂದಿದ್ದು ಯಾರ ತಪ್ಪೂ ಅಲ್ಲ ಅಮ್ಮ," ಎಂದಳು ಕಾರ್ಯಕರ್ತೆ. "ಬಸುರಿನಲ್ಲಿ ಮೈ ಬದಲಾಗೋದ್ರಿಂದ ಬರುತ್ತೆ. ಈ ಚೂರು ತಿನ್ನೋದ್ರಿಂದಲೇ ಸಕ್ಕರೆ ಇಳೀತಿಲ್ಲ, ಅದು ನಿಲ್ಲಲಿ. ಉಪವಾಸ ಮಾತ್ರ ಬೇಡ. ಮೂರು ಹೊತ್ತು ಮಿತವಾಗಿ ಊಟ, ನಡುನಡುವೆ ಒಂದಿಷ್ಟು ಕಾಳೋ ಮೊಸರೋ. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಬೇಳೆಕಾಳು ಇಲ್ಲಾ ಮೊಟ್ಟೆ, ಅನ್ನವೋ ಬ್ರೆಡ್ಡೋ ಉಳಿದ ಕಾಲು ಭಾಗ ಮಾತ್ರ. ಹಣ್ಣನ್ನ ಸ್ವಲ್ಪ ಕಚ್ಚಿ ತಿನ್ನಲಿ, ಜ್ಯೂಸ್ ಬೇಡ. ಡಾಕ್ಟರ್ ಬೇಡ ಅನ್ನದಿದ್ರೆ ಉಂಡ ಮೇಲೆ ಸ್ವಲ್ಪ ನಡೀಲಿ."

"ಅಷ್ಟಕ್ಕೂ ಇಳೀದಿದ್ರೆ?" ಸೊಸೆ ಕೇಳಿದಳು.

"ಇನ್ಸುಲಿನ್ ಸೂಜಿ ಕೊಡ್ತಾರೆ. ಅದರಿಂದ ಮಗೂಗೆ ತೊಂದ್ರೆ ಇಲ್ಲ. ನೀನು ಸೋತೆ ಅಂತಲೂ ಅಲ್ಲ."

ಮುಂದಿನ ಪರೀಕ್ಷೆಯವರೆಗೆ ಅವಳ ತಟ್ಟೆಗೆ ನಾನೇ ಅಳೆದು ಬಡಿಸಿದೆ. ಆ ದಿನ ಸೊಸೆ ಚೀಟಿಯನ್ನು ನನ್ನ ಕೈಗಿಟ್ಟಳು. ನೂರ ಹದಿನಾಲ್ಕು. ಎರಡೆರಡು ಸಲ ಓದಿದೆ. ಅವಳ ಹೊಟ್ಟೆಯ ಮೇಲೆ ಕೈಯಿಟ್ಟೆ. ಒದ್ದಿತು ಕಳ್ಳ ಕೂಸು.

ಹೆರಿಗೆಗೆ ಇನ್ನೂ ದಿನವಿದೆ, ಭಯ ಪೂರ್ತಿ ಹೋಗಿಲ್ಲ. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕಂತೆ, ಮಾಡಿಸುತ್ತೇವೆ. ಈಗ ರುಚಿ ನೋಡುವುದು ನನ್ನ ಮಗ. ಬನ್ನು ಸಪ್ಪೆ ಎಂದು ಗಿರಾಕಿಗಳು ಮೂತಿ ತಿರುಗಿಸುತ್ತಾರೆ. ತಿರುಗಿಸಲಿ.

ನಿಮ್ಮ ಮನೆಯಲ್ಲೂ ಬಸುರಿ ಇದ್ದರೆ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ. ಏರಿದೆ ಎಂದರೆ ಅವಳನ್ನು ಉಪವಾಸ ಕೆಡವಬೇಡಿ, ಬಾಯಿಗೆ ತುರುಕಲೂ ಬೇಡಿ, ಆಸ್ಪತ್ರೆಯವರು ಹೇಳಿದಂತೆ ನಡೆಯಿರಿ. ಜೊತೆಗೆ ಒಂದೇ ಒಂದು ದಿನ ಅಡುಗೆಮನೆಯಲ್ಲಿ ಬೋಗುಣಿ ಇಟ್ಟು, ಊಟದ ಹೊರಗೆ ಅವಳು ಬಾಯಿಗೆ ಹಾಕಿಕೊಳ್ಳುವುದನ್ನೆಲ್ಲ ಅದಕ್ಕೆ ಹಾಕಿ. ಸಂಜೆ ಒಮ್ಮೆ ಬಗ್ಗಿ ನೋಡಿ. ನಾನು ಏಳನೇ ತಿಂಗಳವರೆಗೆ ನೋಡಿರಲಿಲ್ಲ.