ತಮ್ಮ ಕೊಡುತ್ತಿದ್ದ ಚಹಾ

ಬೇಕರಿ ಅಣ್ಣತಮ್ಮಂದಿರಿಬ್ಬರದು. ಅಣ್ಣ ಮೈದಾ ಮೂಟೆ ಬಿಚ್ಚಿ ಹಿಟ್ಟು ನಾದುತ್ತಿದ್ದ. ತಮ್ಮ ಒಲೆ ನೋಡಿಕೊಂಡು, ನಡುವೆ ಇಬ್ಬರಿಗೂ ಚಹಾ ಮಾಡುತ್ತಿದ್ದ. ಇತ್ತೀಚೆಗೆ ಆ ಚಹಾ ಕುಡಿದ ಸ್ವಲ್ಪ ಹೊತ್ತಿಗೆಲ್ಲ ಅಣ್ಣನ ಎದೆ ಬಿಗಿಯುತ್ತಿತ್ತು. ಉಸಿರು ಬಿಟ್ಟರೆ ಒಳಗೆ ಯಾರೋ ಪೀಪಿ ಊದಿದಂತೆ ಸದ್ದು.

ತಂಗಿಯ ಮನೆಯಲ್ಲಿ ಒಂದು ವಾರ ಇದ್ದಾಗ ಮಾತ್ರ ಎದೆ ಹಗುರಾಗಿತ್ತು. ಮರಳಿ ಬೇಕರಿಗೆ ಕಾಲಿಟ್ಟ ದಿನವೇ ಮತ್ತೆ ಉಬ್ಬಸ. ಅಂದೇ ತಲೆಗೆ ಹುಳ ಹೊಕ್ಕಿತು: ಅಂಗಡಿಯನ್ನು ಒಬ್ಬನೇ ನುಂಗಲು ತಮ್ಮ ಏನೋ ಬೆರೆಸುತ್ತಿದ್ದಾನೆ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ತಮ್ಮ ಲೋಟ ತೊಳೆದರೂ ಅನುಮಾನ, ತೊಳೆಯದಿದ್ದರೂ ಅನುಮಾನ.

"ಯಾಕಣ್ಣ, ಚಹಾ ಮುಟ್ಟೇ ಇಲ್ಲ?"

"ನೀನೇ ಕುಡಿ, ನೋಡೋಣ."

ತಮ್ಮ ಗಟಗಟನೆ ಕುಡಿದು ಲೋಟ ಕುಕ್ಕಿದ. ಅವನಿಗೇನೂ ಆಗಲಿಲ್ಲ. ಕುಡಿಯದ ಅಣ್ಣನೇ ಏದುಸಿರು ಬಿಡುತ್ತಾ ಹಿಟ್ಟಿನ ಮೇಜಿನ ಪಕ್ಕ ಕುಸಿದ. ಹಾಗಾದರೆ ನಾನು ಕುಡಿಯುವ ನೀರಿಗೇ ಹಾಕಿದ್ದಾನೆ ಎಂದುಕೊಂಡ.

ಆಸ್ಪತ್ರೆಗೆ ಹೊತ್ತೊಯ್ದವನೂ ತಮ್ಮನೇ. ಅವನನ್ನು ಹೊರಗೆ ಕಳಿಸಿ ಅಣ್ಣ ಡಾಕ್ಟರಮ್ಮನಿಗೆ ಪಿಸುಗುಟ್ಟಿದ: "ನನಗೆ ವಿಷ ಹಾಕ್ತಿದಾರೆ."

ಆಕೆ ನಗಲಿಲ್ಲ. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಆಲಿಸಿದರು. ಅವನ ಕೆಲಸ ವಿಚಾರಿಸಿದರು.

"ಹಿಟ್ಟಿನ ಧೂಳಿನ ಆಸ್ತಮಾ ಇರಬಹುದು. ಶ್ವಾಸಕೋಶದ ಸಣ್ಣ ಕೊಳವೆಗಳು ಊದ್ಕೊಂಡು ಬಿಗಿಯುತ್ವೆ. ಒಳಗೆ ಹೋದ ಗಾಳಿ ಹೊರಗೆ ಬರೋಕೆ ಒದ್ದಾಡುತ್ತೆ, ಅದೇ ಈ ಶಿಳ್ಳೆ."

"ಇಷ್ಟು ವರ್ಷ ಇದೇ ಹಿಟ್ಟು ತಾನೇ ಡಾಕ್ಟರೇ?"

"ಇಷ್ಟು ವರ್ಷ ಅದೇ ಧೂಳು ಉಸಿರಾಡಿದ್ದಕ್ಕೇ ಬಂದಿರೋದು."

ಸೇದುವ ಔಷಧಿಯ ಜೊತೆ ಊದಿದ ಉಸಿರಿನ ಬಲ ತೋರಿಸುವ ಪುಟ್ಟ ಅಳತೆಕೊಳವೆಯನ್ನೂ ಕೊಟ್ಟರು. ಮನೆಯಲ್ಲಿ ಊದಿದರೆ ಅದರ ಮುಳ್ಳು ಮೇಲೇರುತ್ತಿತ್ತು, ಬೇಕರಿಯಲ್ಲಿ ಕುಸಿಯುತ್ತಿತ್ತು. ಅಷ್ಟಕ್ಕೂ ನಂಬಿಕೆ ಬರದೆ, ತಮ್ಮ ಊರಲ್ಲಿಲ್ಲದ ದಿನ ಮನೆಯಿಂದಲೇ ಕುಡಿಯುವ ನೀರು ತಂದು ಹಿಟ್ಟು ನಾದಿದ. ಮುಳ್ಳು ಅಂದೂ ಕುಸಿಯಿತು. ತಪ್ಪು ತಮ್ಮನದಲ್ಲ, ಹಿಟ್ಟಿನದು ಎಂದು ತಿಳಿದು ಅಣ್ಣನ ಮುಖ ಬಾಡಿತು.

ತಮ್ಮ ಬಂದೊಡನೆ ಅಣ್ಣ ಬಾಯಿಬಿಟ್ಟ: "ನೀನೇ ವಿಷ ಹಾಕ್ತಿದೀಯ ಅಂದ್ಕೊಂಡಿದ್ದೆ ಕಣೋ."

ತಮ್ಮ ಹೆಗಲ ಚೀಲ ಕೆಳಗಿಟ್ಟ. "ನೀನು ಕೆಲಸ ತಪ್ಪಿಸ್ಕೊಳ್ಳೋಕೆ ನಾಟಕ ಆಡ್ತಿದೀಯ ಅಂತ ನಾನೂ ಅಂದ್ಕೊಂಡಿದ್ದೆ" ಎಂದ.

ಇಬ್ಬರಿಗೂ ನಗು ಬರಲಿಲ್ಲ. ಮರುದಿನದಿಂದ ತಮ್ಮ ಮೂಗುಬಾಯಿಗೆ ಮಾಸ್ಕ್ ಕಟ್ಟಿ ಹಿಟ್ಟಿಗೆ ನಿಂತ. ಅಣ್ಣ ಮುಂದಿನ ಕೋಣೆಯಲ್ಲಿ ಗಿರಾಕಿಗಳನ್ನು ನೋಡಿಕೊಂಡ. ಎದೆ ಬೇಗ ಸುಧಾರಿಸಿತು. ಅವರಿಬ್ಬರ ಮಾತು ಸಲೀಸಾಗಲು ಮಾತ್ರ ಬಹಳ ಕಾಲ ಹಿಡಿಯಿತು.