ಒಂದು ಕಲ್ಲಾದರೂ ಸಿಕ್ಕಿದ್ದರೆ

ಈ ಸಲದ ಸ್ಕ್ಯಾನಿನಲ್ಲೂ ಏನೂ ಸಿಗಲಿಲ್ಲ. ಹೊಲಿಗೆ ಮೆಷೀನು ರಿಪೇರಿ ಮಾಡುವ ಗಂಡನಿಗೆ ಖುಷಿಯೋ ಖುಷಿ. ಡಾಕ್ಟರ ಕೋಣೆಯ ಹೊರಗೆ ನಿಂತೇ ಅಕ್ಕನಿಗೆ ಫೋನು ಹಚ್ಚಿದ: "ಎಲ್ಲಾ ನಾರ್ಮಲ್ಲಂತೆ! ಸುಮ್ನೆ ತಲೆಗೆ ಹಚ್ಕೊಂಡಿದಾಳೆ ಅಷ್ಟೆ."

ಬೆಂಚಿನ ಮೇಲಿದ್ದ ಹೆಂಡತಿಗೆ ಅಳು ಬಂತು. ಅಯ್ಯೋ, ಒಂದು ಸಣ್ಣ ಕಲ್ಲಾದರೂ ಸಿಗಬಾರದಿತ್ತೇ! ಉಂಡರೆ ಹೊಟ್ಟೆ ಉಬ್ಬರ, ಬೆಳಗಾದರೆ ಕರುಳು ಹಿಂಡುವ ನೋವು, ಹೊಸಿಲು ದಾಟಿದರೆ ಶೌಚಾಲಯ ಎಲ್ಲಿದೆಯೋ ಎಂಬ ದಿಗಿಲು. ನೆಂಟರ ಮನೆಗೆ ಹೋಗುವುದನ್ನೇ ಬಿಟ್ಟಿದ್ದಳು. ಅದನ್ನೆಲ್ಲ ಹೇಗೋ ಸಹಿಸಿಯಾಳು, ಆದರೆ ಗಂಡನ "ಮತ್ತೆ ಶುರುವಾಯ್ತಾ ನಿನ್ನ ನಾಟಕ?" ಎಂಬ ಮಾತು ಕೇಳಿ ಕೇಳಿ ಹೆಂಗಸು ಹಣ್ಣಾಗಿ ಹೋಗಿದ್ದಳು. ಈ ಮನುಷ್ಯ ಒಂದೇ ಒಂದು ಸಲ ನಂಬಿದರೆ ಸಾಕಿತ್ತು.

ಒಳಗೆ ಡಾಕ್ಟರಮ್ಮ ನಿಧಾನವಾಗಿ ಹೇಳಿದರು. "ನೋವು ನಿಜವೇ ಅಮ್ಮ. ಹುಣ್ಣಿಲ್ಲ, ಗಡ್ಡೆಯಿಲ್ಲ. ಆದ್ರೆ ಕರುಳಿಗೂ ಮಿದುಳಿಗೂ ಇರೋ ಹೊಂದಾಣಿಕೆ ತಪ್ಪಿದೆ. ಬೇರೆಯವ್ರಿಗೆ ಗೊತ್ತೇ ಆಗದಷ್ಟು ಗಾಳಿ ಹೊಟ್ಟೇಲಿ ಸೇರಿದ್ರೂ ನಿಮಗೆ ನೋವಾಗುತ್ತೆ. ಊಟ, ನಿದ್ದೆ, ಔಷಧಿ ನೋಡ್ಕೊಂಡು ಹತೋಟಿಗೆ ತರೋಣ. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲಾರೆ."

"ಅಂದ್ರೆ ಏನೂ ಇಲ್ಲ ತಾನೇ?" ಎಂದ ಗಂಡ.

ಅವಳಿಗೆ ರೇಗಿತು. ರೇಗುವುದಕ್ಕೂ ತ್ರಾಣವಿರಲಿಲ್ಲ, ಆದರೂ ರೇಗಿತು. "ರೀ, ನಿನ್ನೆ ಆ ದರ್ಜಿ ಮೆಷೀನ್ ತಂದಾಗ ಏನಂದ್ರಿ?"

"ಯಾವ ಭಾಗವೂ ಮುರಿದಿಲ್ಲ, ದಾರದ ಬಿಗಿ ಹದ ತಪ್ಪಿದೆ, ಅದಕ್ಕೇ ಹೊಲಿಗೆ ಬಿಡ್ತಿದೆ ಅಂದೆ."

"ಮೆಷೀನು ನಾಟಕ ಆಡ್ತಿದೆ ಅನ್ಲಿಲ್ವಲ್ಲ?"

ಗಂಡ ರಿಪೋರ್ಟನ್ನು ಮಡಚಿ ಚೀಲಕ್ಕೆ ಹಾಕಿದ.

ಮನೆಗೆ ಹೋಗುವ ದಾರಿಯಲ್ಲಿ ಹೊಟ್ಟೆ ಹಿಂಡತೊಡಗಿತು. ಹಾಳಾದ್ದು, ಇವತ್ತೇ ಬರಬೇಕೇ! ಅವಳು ಹೇಳದೆ ಹಲ್ಲು ಕಚ್ಚಿಕೊಂಡು ನಡೆದಳು. ಬೈಗುಳ ಕೇಳಲು ಇನ್ನು ಶಕ್ತಿಯಿರಲಿಲ್ಲ. ಗಂಡ ಅವಳ ಮುಖ ನೋಡಿದ. ತಕ್ಷಣ ಪಕ್ಕದ ಚಪ್ಪಲಿ ಅಂಗಡಿಗೆ ನುಗ್ಗಿದ.

"ಸ್ವಲ್ಪ ನಿಮ್ಮ ಬಾತ್‌ರೂಮ್ ಬಳಸ್ಕೋಬಹುದಾ? ನಮ್ಮನೆಯವ್ರಿಗೆ ಹುಷಾರಿಲ್ಲ."

"ಅಯ್ಯೋ, ಅದಕ್ಕೇನಂತೆ, ಒಳಗೆ ಹೋಗ್ಲಿ. ಏನಾಯ್ತು?" ಎಂದ ಅಂಗಡಿಯವನು.

ಒಳಗೆ ಹೋಗಿ ಚಿಲಕ ಹಾಕಿಕೊಂಡವಳಿಗೆ ಗಂಡನ ಉತ್ತರ ಬಾಗಿಲಾಚೆಯಿಂದ ಕೇಳಿಸಿತು.

"ಹೊಟ್ಟೆನೋವು. ತುಂಬಾ ವರ್ಷದಿಂದ ಇದೆ, ಪಾಪ."

ಅವಳು ಹೊಟ್ಟೆ ಹಿಡಿದುಕೊಂಡೇ ನಲ್ಲಿ ಜೋರಾಗಿ ಬಿಟ್ಟು, ಮನಸಾರೆ ಅತ್ತಳು.